ಮನೆ ಪೋಕರ್‌ನಲ್ಲಿ ಹಿರಿಯರಿಗೆ ರೂಲ್ಸ್ ಹೇಳೋದು ಹೇಗೆ? (ಹೋಲ್ಡೆಮ್, ಮೈಸೂರು)

ಆರನೇ_ಮೇನ್:

ನಮಸ್ಕಾರ. ಸರಸ್ವತಿಪುರಂನಲ್ಲಿ ನಮ್ಮನೆ ಮಹಡಿ ಮೇಲೆ ಶನಿವಾರ ರಾತ್ರಿ ಏಳೆಂಟು ಜನ ಸೇರಿ ಹೋಲ್ಡೆಮ್ (ಕೈಯಲ್ಲಿ ಎರಡೆಲೆ, ಮಧ್ಯೆ ಎಲ್ಲರಿಗೂ ಸೇರಿ ಐದೆಲೆ ಇರೋ ಪೋಕರ್) ಆಡ್ತೀವಿ. ದುಡ್ಡಿನ ವ್ಯವಹಾರ ಇಲ್ಲ. ಒಬ್ಬೊಬ್ಬರಿಗೆ 1000 ಪಾಯಿಂಟ್‌ನ ಚಿಪ್ಸ್, ಬ್ಲೈಂಡ್ (ಎಲೆ ನೋಡೋ ಮುಂಚೆ ಇಬ್ಬರು ಇಡಲೇಬೇಕಾದ ಚಿಪ್ಸ್) 5-10. ಕೊನೇಲಿ ಯಾರ ಹತ್ರ ಕಮ್ಮಿ ಉಳಿದಿರುತ್ತೋ ಅವರು ಭಾನುವಾರ ಬೆಳಿಗ್ಗೆ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಬೇಕು. ಪಣ ಅಷ್ಟೇ. ಆದ್ರೂ ಹೋದ ವಾರ ಆಟ ಅರ್ಧಕ್ಕೇ ನಿಂತು, ಇಬ್ಬರು ಮಾತು ಬಿಟ್ಟು ಎದ್ದು ಹೋದರು.

ಟೇಬಲ್‌ನಲ್ಲಿ ಎರಡು ಪಾರ್ಟಿ. ಒಂದು ಕಡೆ ನಮ್ಮ ಭಾವ, ಅವರ ಸ್ನೇಹಿತರು; ರಮ್ಮಿ, ಮೂರೆಲೆ ಆಡಿ ಪಳಗಿದವರು. ಇನ್ನೊಂದು ಕಡೆ ಚಿಕ್ಕಪ್ಪನ ಮಕ್ಕಳು. ಫೋನಿನಲ್ಲೇ ಪೋಕರ್ ಕಲಿತು, 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡಿನ ಆನ್‌ಲೈನ್ ಆಟ ಬಂದಾದ ಮೇಲೆ ನಮ್ಮನೆಗೆ ಬಂದವರು.

ಆಗ್ತಿರೋದು ಇದು. ಭಾವ "ನಿಂದು ನಲವತ್ತಾ? ತಗೋ ನಲವತ್ತು" ಅಂತ ಚಿಪ್ಸ್ ಮುಂದೆ ತಳ್ತಾರೆ, ಎದುರಿನವನ ಮುಖ ನೋಡ್ತಾರೆ, ಅವನು ಅಳುಕಿದ ಅನ್ನಿಸಿದ್ರೆ "ಅದರ ಮೇಲೆ ಇನ್ನೊಂದು ನೂರು" ಅಂತಾರೆ. ಪ್ಯಾಕ್ ಆದವರು (ಎಲೆ ಬಿಸಾಕಿ ಆ ಆಟ ಬಿಟ್ಟವರು) ಪಕ್ಕದವರ ಎಲೆ ಇಣುಕಿ ನೋಡಿ ಸಲಹೆ ಕೊಡ್ತಾರೆ. ಫ್ಲಾಪ್‌ನಲ್ಲಿ (ಮಧ್ಯೆ ಮೊದಲು ತೆರೆಯೋ ಮೂರು ಎಲೆಗಳಲ್ಲಿ) ಎರಡು ಎಂಟು ಬಿದ್ರೆ "ಅಯ್ಯೋ, ಎಂಟು ಬಿಸಾಕಿಬಿಟ್ನಲ್ಲೋ!" ಅಂತ ಕೂಗ್ತಾರೆ. ಹುಡುಗರದ್ದು ಇನ್ನೊಂದು ಥರ: ಸರದಿ ಯಾರದ್ದು ಅಂತಾನೇ ನೋಡಲ್ಲ.

ಜಗಳ ಹತ್ತಿದ್ದು ಮಾತ್ರ ಶೋ ಹೊತ್ತಿಗೆ, ಎಲ್ಲರೂ ಎಲೆ ಬಿಚ್ಚಿ ತೋರಿಸುವಾಗ. ಭಾವಂದು ಸೀಕ್ವೆನ್ಸ್ (ಸಾಲಾಗಿ ಬಂದ ಎಲೆಗಳು), ತಮ್ಮಂದು ಆಟೀನ್ ಕಲರ್ (ಎಲ್ಲಾ ಎಲೆಯೂ ಆಟೀನೇ). "ನಾನು ಎಲೆ ಹಿಡಿದಾಗಿಂದ ಸೀಕ್ವೆನ್ಸೇ ದೊಡ್ಡದು. ನಿನ್ನ ಫೋನ್ ಹೇಳಿದ ತಕ್ಷಣ ಬದಲಾಗುತ್ತಾ?" ಅಂತ ಭಾವ. ಅಕ್ಕನ ಯಜಮಾನ್ರು, ನಾನು ಎದುರಾಡೋ ಹಾಗಿಲ್ಲ. ಸುಮ್ನಿದ್ರೆ ಹುಡುಗರು ಬರಲ್ಲ ಅಂತಿದಾರೆ. ಏನ್ ಮಾಡೋದು?

ಕಳಾವರ್_ರಾಣಿ:

ನಿಮ್ಮ ಭಾವ ಹೇಳಿದ್ದು ಅವರ ಆಟಕ್ಕೆ ಸರಿಯಾಗೇ ಇದೆ. ಮೊದಲು ಅದನ್ನ ಎಲ್ಲರ ಮುಂದೆ ಹೇಳಿ, ಅರ್ಧ ಬಿಸಿ ಅಲ್ಲೇ ಇಳಿಯುತ್ತೆ.

ಮೂರೆಲೆಯಲ್ಲಿ ಒಟ್ಟು 22,100 ಥರದ ಕೈ ಬರಬಹುದು. ಅದರಲ್ಲಿ ಕಲರ್ 1,096, ಸೀಕ್ವೆನ್ಸ್ ಬರೀ 720. ಅಪರೂಪದ್ದು ಸೀಕ್ವೆನ್ಸ್, ಹಾಗಾಗಿ ಅದೇ ದೊಡ್ಡದು. ಐದೆಲೆಗೆ ಬಂದ ಕೂಡಲೇ ಲೆಕ್ಕ ತಿರುಗುತ್ತೆ: 25,98,960 ಕೈಗಳಲ್ಲಿ ಸೀಕ್ವೆನ್ಸ್ 10,200, ಕಲರ್ 5,108. ಎರಡು ಕಡೆಯೂ ಪ್ಯೂರ್ ಸೀಕ್ವೆನ್ಸ್ (ಸಾಲೂ ಹೌದು, ಕಲರೂ ಹೌದು ಅನ್ನೋ ಕೈ) ಬಿಟ್ಟು ಹೇಳ್ತಿದೀನಿ. ಪೋಕರ್‌ನಲ್ಲಿ ಕಲರ್ ಗೆಲ್ಲೋದು ಇದಕ್ಕೇ, ಫೋನ್ ಹೇಳ್ತು ಅಂತಲ್ಲ. ರಮ್ಮಿ ಆಡೋರಿಗೆ ಲೆಕ್ಕ ಅಂದ್ರೆ ಪ್ರೀತಿ, ಅಂಕಿ ತೋರಿಸಿ, ಒಪ್ತಾರೆ. (ತಮಾಷೆ ಅಂದ್ರೆ ಮೂರೆಲೆಯಲ್ಲೂ ಎಲ್ಲಾ ಲೆಕ್ಕದ ಪ್ರಕಾರ ನಡೆಯಲ್ಲ. ಟ್ರಯಲ್, ಅಂದ್ರೆ ಮೂರು ಎಂಟು, ಮೂರು ರಾಣಿ ಹೀಗೆ ಬರೋದು, 52 ಥರ, ಪ್ಯೂರ್ 48 ಥರ. ಪ್ಯೂರೇ ಅಪರೂಪ, ಆದ್ರೂ ಪಟ್ಟ ಟ್ರಯಲ್‌ಗೆ!) ಎಕ್ಕ-ಎರಡು-ಮೂರರ ಬಗ್ಗೆಯೂ ಈಗಲೇ ಹೇಳಿಬಿಡಿ. ಮೂರೆಲೆ ಆಡೋರು ಬಹಳ ಕಡೆ ಅದನ್ನ ಎರಡನೇ ದೊಡ್ಡ ಸೀಕ್ವೆನ್ಸ್ ಅಂತಾರೆ. ಹೋಲ್ಡೆಮ್‌ನಲ್ಲಿ ಎಕ್ಕದಿಂದ ಐದರವರೆಗಿನದ್ದು ಎಲ್ಲಕ್ಕಿಂತ ಸಣ್ಣ ಸೀಕ್ವೆನ್ಸ್. ಮುಂದಿನ ಜಗಳ ಅದರ ಮೇಲೇ ಬರೋದು.

ಉಳಿದ ತೊಂದರೆಗಳ ಬೇರೂ ಇಲ್ಲೇ ಇದೆ ಅಂತ ನನ್ನ ಅನಿಸಿಕೆ. ಮೂರೆಲೆಯಲ್ಲಿ ಸೈಡ್ ಶೋ ಕೇಳಿ ಪಕ್ಕದವರ ಎಲೆ ನೋಡೋದು ಆಟದ ಒಳಗೇ ಇದೆ, ಹಾಗಾಗಿ ದೊಡ್ಡವರಿಗೆ ಇಣುಕೋದು ತಪ್ಪು ಅಂತ ಅನ್ನಿಸೋದೇ ಇಲ್ಲ. ಹುಡುಗರಿಗೋ, ಆ್ಯಪ್‌ನಲ್ಲಿ ತಮ್ಮ ಸರದಿ ಬರೋವರೆಗೆ ಬಟನ್ನೇ ಕಾಣ್ತಿರಲಿಲ್ಲ. ಸರದಿ ನೋಡೋ ಕೆಲಸ ಇದೆ ಅಂತಲೇ ಅವರಿಗೆ ಗೊತ್ತಿಲ್ಲ. ಯಾರೂ ಮೋಸ ಮಾಡ್ತಿಲ್ಲ ನಿಮ್ಮನೇಲಿ.

ಟಿಡಿಎ ಅಂತ 2001ರಲ್ಲಿ ಶುರುವಾದ ಟೂರ್ನಮೆಂಟ್ ನಡೆಸುವವರ ಸಂಘ ಇದೆ, ಅವರ ನಿಯಮಪಟ್ಟಿ ಪುಕ್ಕಟೆ ಸಿಗುತ್ತೆ. ಅದನ್ನ ಪೂರ್ತಿ ಪ್ರಿಂಟ್ ತೆಗೆದು ಭಾವನ ಕೈಗೆ ಕೊಡಬೇಡಿ ದಯವಿಟ್ಟು. ಮೂರೆಲೆಗೂ ಹೋಲ್ಡೆಮ್‌ಗೂ ಎಲ್ಲೆಲ್ಲಿ ಬೇರೆ ಅನ್ನೋದಷ್ಟನ್ನೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಎಲೆ ಹಂಚೋಕೆ ಮುಂಚೆ ಓದಿ. ಹಾಳೆಯಲ್ಲಿ ಇಲ್ಲದ ತಕರಾರು ಬಂದ್ರೆ ಮಾತ್ರ ಟಿಡಿಎ ಪಟ್ಟಿ ತೆಗೀರಿ.

ಮಂಡ್ಯದ_ಎಕ್ಕ:

ಅಣ್ಣೋ, ಹೊಸತೊಡಕು ಬಂತು ಅಂದ್ರೆ ಜಗಲಿ ಜಗಲಿ ಮ್ಯಾಲೂ ಇಸ್ಪೀಟು ಹಾಕೋ ಸೀಮೆಯೋರು ನಾವು. ಹಿರೀಕರಿಗೆ ರೂಲ್ಸ್ ಹೇಳದು ಹೊಸದೇನಲ್ಲ.

ಭಾವಂಗೆ "ತಪ್ಪು" ಅಂತ ಅನ್ನಬ್ಯಾಡಿ. ಅವರು ನಲವತ್ತು ತಳ್ಳಿದ ತಕ್ಷಣ, ಇನ್ನೂ ಮುಖ ನೋಡ್ತಾ ಇರೋವಾಗ್ಲೇ, ಎಲೆ ಹಾಕೋನು ಜೋರಾಗಿ "ಕಾಲ್, ನಲವತ್ತು" (ಎದುರಿನೋನು ಹಾಕಿದಷ್ಟೇ ಹಾಕವ್ರೆ ಅಂತ) ಅಂದು ಮುಂದಿನೋರ ಕಡೆ ಕೈ ತೋರ್ಸ್‌ಬೇಕು. ಆಮ್ಯಾಲೆ ಬಂದ ನೂರನ್ನ ಮೆಲ್ಲುಗೆ ವಾಪಸ್ ಅವರ ಮುಂದಕ್ಕೆ ತಳ್ಳಿ. ಭಾಷಣ ಬ್ಯಾಡ. ಇದಕ್ಕೆ ಸ್ಟ್ರಿಂಗ್ ಬೆಟ್ ಅಂತಾರೆ: ಕಂತು ಕಂತಾಗಿ ಹಾಕಂಗಿಲ್ಲ. ಆ ಹ್ಯಾಂಡ್ ಮುಗುದ್ ಮ್ಯಾಲೆ ದಾರೀನೂ ಹೇಳ್ಕೊಡಿ: "ಭಾವ, ಮೊದ್ಲೇ 'ರೈಸ್' (ಏರಿಸ್ತೀನಿ) ಅಂದ್‌ಬುಡಿ, ಆಮೇಲೆ ನಿಧಾನಕ್ಕೆ ಎಣಿಸ್ಕಂಡು ಒಂದೇ ಸಲ ತಳ್ಳಿ." ಅವರ ಠೀವಿಗೂ ಕುಂದಿಲ್ಲ.

ಇನ್ನೊಂದು, ಹತ್ತರ ಬ್ಲೈಂಡ್‌ಗೆ ನೂರರ ಒಂದೇ ಚಿಪ್ಪು ಮಾತಾಡ್ದೆ ಎಸೆದ್ರೆ ಅದು ಬರೀ ಕಾಲ್. ತೊಂಬತ್ತು ಚಿಲ್ರೆ ವಾಪಸ್ ಕೊಡಿ. ಬಾಯ್ಬಿಟ್ಟು "ರೈಸ್" ಅಂದಿದ್ರೆ ಮಾತ್ರ ರೈಸು.

ಪ್ಯಾಕ್ ಆದ್ಮ್ಯಾಲೆ "ಎಂಟು ಬಿಸಾಕ್ದೆ" ಅಂತ ಕೂಗೋನಿಗೆ ನಾವು ದಂಡ ಹಾಕದು ಹಿಂಗೆ: ಮುಂದಿನ ಹ್ಯಾಂಡ್ ಅವನು ಆಡಂಗಿಲ್ಲ, ಕೆಳಗೋಗಿ ಎಲ್ರಿಗೂ ಕಾಪಿ ತರಬೇಕು. ನಮ್ ಹಟ್ಟೀಲಿ ಒಬ್ಬ ಇಡೀ ರಾತ್ರಿ ಮೆಟ್ಲು ಹತ್ತಿ ಇಳಿದವ್ನೆ.

ಬಾಡಿಗೆ_ಸೈಕಲ್:

ಇಷ್ಟೆಲ್ಲಾ ಯಾಕೆ? ದುಡ್ಡಿಟ್ಟು ಆಡಿ, ತಾನಾಗೇ ಶಿಸ್ತು ಬರುತ್ತೆ. ಪ್ರತಿ ಗುಡ್ಡೆ, ಅಂದ್ರೆ ಪಾಟ್‌ನಿಂದ ಮನೆಯವರಿಗೆ ಕಾಫಿ ಖರ್ಚು ಅಂತ ಸ್ವಲ್ಪ ಕಟ್ ತೆಗೀರಿ.

ಕಳಾವರ್_ರಾಣಿ:

ಆ ಕಟ್ ವಿಷಯಕ್ಕೆ ಮಾತ್ರ ಕೈ ಹಾಕಬೇಡಿ. ಕರ್ನಾಟಕ ಪೊಲೀಸ್ ಕಾಯ್ದೆ 1963ರಲ್ಲಿ ಜೂಜಿನ ಮನೆ ನಡೆಸೋರಿಗೆ 79ನೇ ಸೆಕ್ಷನ್, ಅಲ್ಲಿ ಆಡೋರಿಗೆ 80ನೇ ಸೆಕ್ಷನ್ ಇದೆ. ಜಾಗ ಕೊಟ್ಟವರು ಅದರಿಂದ ಲಾಭ ತಗೊಂಡ್ರಾ ಅನ್ನೋದೇ ಅಲ್ಲಿ ದೊಡ್ಡ ಪ್ರಶ್ನೆ. ಕಾಫಿ ಪುಡಿಗೆ ಅಂತ ತೆಗೆದದ್ದೂ ಪಾಟ್‌ನಿಂದ ತೆಗೆದದ್ದೇ. ದೋಸೆಯೇ ವಾಸಿ. ದುಡ್ಡಿದ್ರೆ ಶಿಸ್ತು ಬರುತ್ತೆ ಅನ್ನೋದನ್ನೂ ನಾನು ಒಪ್ಪಲ್ಲ, ಬರೋದು ಹಠ.

ಆರನೇ_ಮೇನ್ ಅವರೇ, ತೀರ್ಪು ಯಾರು ಹೇಳಬೇಕು ಅನ್ನೋದನ್ನ ಯಾರೂ ಬರೆದಿಲ್ಲ. ಇಬ್ಬರನ್ನ ಮೊದಲೇ ಗೊತ್ತು ಮಾಡಿ, ದೊಡ್ಡವರ ಕಡೆಯಿಂದ ಒಬ್ಬರು, ಹುಡುಗರ ಕಡೆಯಿಂದ ಒಬ್ಬರು. ಆ ಹ್ಯಾಂಡ್‌ನಲ್ಲಿ ಇನ್ನೂ ಎಲೆ ಹಿಡಿದಿರೋರು ತೀರ್ಪು ಹೇಳೋ ಹಾಗಿಲ್ಲ; ಇಬ್ಬರೂ ಎಲೆ ಹಿಡಿದಿದ್ರೆ, ಆಡ್ತಿರೋರಲ್ಲಿ ಎಲ್ಲರಿಗಿಂತ ಮೊದಲು ಪ್ಯಾಕ್ ಆದವರು ಹೇಳ್ತಾರೆ. ಹಾಳೆಯಲ್ಲಿ ಇಲ್ಲದ ಹೊಸ ನಿಯಮ ನಡುವೆ ಹುಟ್ಟಿದ್ರೆ ಅದು ಮುಂದಿನ ಹ್ಯಾಂಡ್‌ನಿಂದ ಜಾರಿ. ಪಾಟ್ ಮಧ್ಯೆ ಇಟ್ಕೊಂಡು ನಿಯಮ ಮಾಡೋಕೆ ಕೂತ್ರೆ ಯಾರು ಏನು ಹೇಳಿದ್ರೂ ಸ್ವಾರ್ಥದ ಹಾಗೇ ಕೇಳಿಸುತ್ತೆ.

ಆರನೇ_ಮೇನ್:

ತುಂಬಾ ಉಪಕಾರ. ಒಂದು ಬಿಟ್ಟು ಹೋಗಿತ್ತು. ಒಬ್ಬರು ಕಮ್ಮಿ ಚಿಪ್ಸ್ ಇಟ್ಟುಕೊಂಡು ಆಲ್ ಇನ್ (ಇರೋದೆಲ್ಲಾ ಹಾಕ್ತೀನಿ) ಅಂದ್ರೆ ನಮ್ಮಲ್ಲಿ ಎಲ್ಲಾ ಒಂದೇ ಗುಡ್ಡೆಗೆ ಸೇರಿಸಿಬಿಡ್ತಾರೆ, ಆಮೇಲೆ ಅಂದಾಜಿನ ಮೇಲೆ ಹಂಚೋದು. ಸರಿಯಾದ ಕ್ರಮ ಏನು?

ಕಳಾವರ್_ರಾಣಿ:

ಗುಡ್ಡೆ ಬೇರೆ ಮಾಡಿದ ಮೇಲೇ ಮುಂದಿನ ಎಲೆ ತೆಗೀಬೇಕು, ಶೋ ಆದ ಮೇಲೆ ಅಲ್ಲ. ನಿಮ್ಮ ಬ್ಲೈಂಡ್‌ನಲ್ಲೇ ಹೇಳ್ತೀನಿ. 5 ಮತ್ತು 10 ಇಟ್ಟವರು ಪ್ಯಾಕ್ ಆದ್ರು. ಭಾವ 350ಕ್ಕೆ ಆಲ್ ಇನ್, ಉಳಿದಿಬ್ಬರು 800 ಹಾಕಿದ್ರು. ಮೂವರಿಂದಲೂ 350 ಎಳೆದ್ರೆ 1050, ಬ್ಲೈಂಡ್‌ನ 15 ಸೇರಿ 1065. ಇದು ಮೇನ್ ಪಾಟ್, ಭಾವ ಗೆಲ್ಲಬಹುದಾದದ್ದು ಇಷ್ಟೇ. ಇಬ್ಬರದ್ದು ಉಳಿದ 450, 450 ಸೇರಿ 900. ಅದು ಸೈಡ್ ಪಾಟ್, ಅವರಿಬ್ಬರ ಮಧ್ಯೆ. ಮುಂದಿನ ಬೆಟ್ಟಿಂಗ್ ಎಲ್ಲಾ ಸೈಡ್ ಪಾಟ್‌ಗೆ. ಶೋ ಹೊತ್ತಿಗೆ ಮೊದಲು ಸೈಡ್ ಪಾಟ್ ತೀರಿಸಿ, ಆಮೇಲೆ ಮೇನ್.

ಇದರ ಜೊತೆಗೇ ಬರೋ ಇನ್ನೊಂದು ಸಿಕ್ಕು: ಫ್ಲಾಪ್ ಆದ ಮೇಲೆ ಒಬ್ಬರು 40 ಹಾಕಿದ್ರೆ ರೈಸ್ ಕನಿಷ್ಠ 80ಕ್ಕೆ ಇರಬೇಕು. ಚಿಪ್ಸ್ ಇರೋದೇ 65 ಅಂದ್ರೆ ಆಲ್ ಇನ್ ಆಗಬಹುದು, ಆದರೆ ಅದು ಪೂರ್ತಿ ರೈಸ್ ಅಲ್ಲ. 40 ಹಾಕಿದವರು ಮಿಕ್ಕ 25 ಕೊಡಬಹುದು, ಇಲ್ಲ ಪ್ಯಾಕ್ ಆಗಬಹುದು. ಮತ್ತೆ ಏರಿಸೋ ಹಾಗಿಲ್ಲ.

ಆರನೇ_ಮೇನ್:

ಶನಿವಾರ ಹಾಳೆ ಓದಿ ಆಡಿದ್ವಿ. 5,108ರ ಲೆಕ್ಕ ಭಾವ ಪೆನ್ನು ಹಿಡಿದು ತಾವೇ ಹಾಕಿ ನೋಡಿದ್ರು, ಕಾಲು ಗಂಟೆ ಯಾರೂ ಆಡಲಿಲ್ಲ. ಒಪ್ಪಿದ್ರು, ಆದರೆ ಒಂದು ಷರತ್ತು: ಕೊನೇ ಅರ್ಧ ಗಂಟೆ ಮೂರೆಲೆ, ಅಲ್ಲಿ ಸೀಕ್ವೆನ್ಸೇ ದೊಡ್ಡದು. ಹುಡುಗರೂ ಹೂಂ ಅಂದ್ರು. "ಕಾಲ್, ನಲವತ್ತು" ಕೆಲಸ ಮಾಡ್ತು. ಇಣುಕೋ ಚಾಳಿ ಮಾತ್ರ ಹೋಗಿಲ್ಲ, ಭಾವನ ಸ್ನೇಹಿತರೊಬ್ಬರನ್ನ ಗೋಡೆ ಪಕ್ಕ ಕೂರಿಸಿದೀವಿ.

ಒಂದೇ ಸಂಶಯ. 465ರ ಪಾಟ್, ಇಬ್ಬರದ್ದೂ ಎಕ್ಕ-ರಾಜ, ಸರಿಸಮ. ತಲಾ 230 ಹೋಗಿ 5ರ ಚಿಪ್ಪು ಒಂದು ಉಳೀತು. ತಮ್ಮ "ನಂದು ಇಸ್ಪೀಟ್ ಎಕ್ಕ, ದೊಡ್ಡದು, ಪೂರ್ತಿ ಪಾಟೇ ನಂದು" ಅಂತಾನೆ.

ಮಂಡ್ಯದ_ಎಕ್ಕ:

ಹೋಲ್ಡೆಮ್ಮಲ್ಲಿ ಇಸ್ಪೀಟು, ಆಟೀನು, ಡೈಮನ್ನು, ಕಳಾವರ್ ಎಲ್ಲಾ ಒಂದೇ ಅಣ್ಣೋ. ಪಾಟು ಸಮಪಾಲು. ಉಳಿದ 5, ಎಲೆ ಹಾಕೋ ಸರದಿ ಯಾರ್ದು ಅಂತ ತೋರ್ಸೋ ಡೀಲರ್ ಬಟನ್‌ಗೆ ಎಡಕ್ಕೆ ಆ ಇಬ್ರಲ್ಲಿ ಯಾರು ಮೊದ್ಲು ಕುಂತವ್ರೋ ಅವರಿಗೆ.