ಪದಚರ್ಚೆ: ‘ಮಿತ್ರಕೀಟಗಳಿಗೆ ಸುರಕ್ಷಿತ’ ಎನ್ನಬಹುದೇ?

ಹಣ್ಣಿನ ತೋಟಕ್ಕೆ ಹೊಡೆಯುವ ಕೀಟನಾಶಕಗಳ ಕನ್ನಡ ಬರಹಗಳಲ್ಲಿ ‘ಮಿತ್ರಕೀಟಗಳಿಗೆ ಸುರಕ್ಷಿತ’ ಎಂಬ ಮಾತು ಧಾರಾಳವಾಗಿ ಬಳಕೆಯಲ್ಲಿದೆ. ಮಿತ್ರಕೀಟವೆಂದರೆ ಬೆಳೆಗೆ ಹಾನಿ ಮಾಡುವ ಕೀಟಗಳನ್ನು ತಿಂದು ರೈತರಿಗೆ ನೆರವಾಗುವ ಜೀವಿ. ಯಾವ ಕೀಟಕ್ಕೆ, ಅದರ ಯಾವ ಹಂತಕ್ಕೆ, ಸಿಂಪಡಿಸಿ ಎಷ್ಟು ದಿನಕ್ಕೆ ಎಂದು ಹೇಳದಿದ್ದರೆ ಈ ಮಾತು ಓದುಗರನ್ನು ದಾರಿ ತಪ್ಪಿಸುತ್ತದೆ.

ಕೀಟದ ಬೆಳವಣಿಗೆಯನ್ನು ಕೆಡಿಸುವ ಪೈರಿಪ್ರಾಕ್ಸಿಫೆನ್ ಎಂಬ ಕೀಟನಾಶಕ ನೋಡಿ. ಅದು ತಗುಲಿದ ಮೇಲೂ ಬೆಳೆದ ಗುಲಗಂಜಿ ಹುಳು ಎಂದಿನಂತೆ ಓಡಾಡುತ್ತದೆ, ಗಿಡದ ರಸ ಹೀರುವ ಶಲ್ಕಕೀಟವನ್ನು ತಿನ್ನುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಆದರೆ ಮೊಟ್ಟೆ ಒಡೆಯುವುದಿಲ್ಲ, ಮರಿಹುಳು ಕೋಶಾವಸ್ಥೆ ದಾಟುವುದಿಲ್ಲ. ಎರಡನೆಯ ದಿನ ಸತ್ತ ಹುಳುಗಳನ್ನಷ್ಟೇ ಎಣಿಸಿದರೆ ಔಷಧಿ ‘ಸುರಕ್ಷಿತ’. ಮುಂದಿನ ಪೀಳಿಗೆ ಮಾತ್ರ ಹುಟ್ಟುವುದೇ ಇಲ್ಲ.

ಕೀಟದಿಂದ ಕೀಟಕ್ಕೂ ವ್ಯತ್ಯಾಸವಿದೆ. ಕ್ರೈಸೊಪರ್ಲಾ ಎಂಬ ಮಿತ್ರಕೀಟದ ಮರಿಹುಳು ಪೈರಿಥ್ರಾಯ್ಡ್ ಗುಂಪಿನ ಹಲವು ಕೀಟನಾಶಕಗಳನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಅದೇ ಎಲೆಯ ಮೇಲಿನ ಪರಭಕ್ಷಕ ನುಸಿ (ಪೀಡೆನುಸಿಗಳನ್ನು ತಿನ್ನುವ ನುಸಿ) ಸಾಯುತ್ತದೆ, ಎಲೆಗೆ ಅಂಟಿದ ಶೇಷ ವಾರಗಟ್ಟಲೆ ಉಳಿದು ಹೊಸದಾಗಿ ಬಂದವನ್ನೂ ಕೊಲ್ಲುತ್ತದೆ, ತಡೆಯುವವರಿಲ್ಲದೆ ಬೆಳೆಯನ್ನು ಕಾಡುವ ಕೆಂಪುನುಸಿ ಹೆಚ್ಚುತ್ತದೆ.

ಜೈವಿಕ ನಿಯಂತ್ರಣದ ಅಂತರರಾಷ್ಟ್ರೀಯ ಸಂಸ್ಥೆಯಾದ ಐಒಬಿಸಿಯ ವರ್ಗೀಕರಣ ಇಲ್ಲಿ ಹೆಚ್ಚು ನೆರವಾಗುತ್ತದೆ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಪರಿಣಾಮ ಶೇ. 30ಕ್ಕಿಂತ ಕಡಿಮೆಯಿದ್ದರೆ ನಿರಪಾಯ, 30ರಿಂದ 79 ಅಲ್ಪ ಹಾನಿಕರ, 80ರಿಂದ 99 ಮಧ್ಯಮ ಹಾನಿಕರ, 99ಕ್ಕೂ ಮೇಲಾದರೆ ಹಾನಿಕರ. ಬರೀ ನೀರು ಸಿಂಪಡಿಸಿದ ಕಡೆಯ ಸಾವನ್ನು ಮೊದಲು ಕಳೆಯಬೇಕು. ಔಷಧಿ ಬಿದ್ದ ಕಡೆ ಶೇ. 46, ನೀರು ಬಿದ್ದ ಕಡೆ ಶೇ. 10 ಸತ್ತಿದ್ದರೆ, 46ರಿಂದ 10 ಕಳೆದುಳಿದ 36ನ್ನು, ನೀರು ಬಿದ್ದ ಕಡೆ ಬದುಕುಳಿದ 90ರಿಂದ ಭಾಗಿಸಿದಾಗ ಬರುವುದು ಶೇ. 40. ಆದ್ದರಿಂದ ಅದು ‘ಅಲ್ಪ ಹಾನಿಕರ’, ‘ಸುರಕ್ಷಿತ’ ಅಲ್ಲ. ಉಳಿದವುಗಳ ಮೊಟ್ಟೆಯಿಡುವ ಶಕ್ತಿ ಕುಂದಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಬೇರಿಗೆ ಕೊಡುವ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕಕ್ಕೆ ‘ಸಿಂಪಡಣೆ ಇಲ್ಲ, ಹಾಗಾಗಿ ಸುರಕ್ಷಿತ’ ಎಂದು ಬರೆಯುವುದೂ ತಪ್ಪು. ವಿಷ ಸಸ್ಯರಸದಲ್ಲಿ ಏರುತ್ತದೆ. ಆ ರಸ ಹೀರಿದ ಕೀಟವನ್ನು ತಿಂದ ಪರಭಕ್ಷಕಕ್ಕೂ ತಲುಪುತ್ತದೆ.

ಈಗ ಪ್ರಶ್ನೆ. ಕೊಲ್ಲದೆಯೇ ಸಂತಾನಶಕ್ತಿ, ಬೇಟೆಯ ಚುರುಕು, ಆಯುಸ್ಸು ಕುಗ್ಗಿಸುವ ಹಾನಿಯನ್ನು ಏನೆನ್ನೋಣ? ‘ಉಪಮಾರಕ’ ಎಂಬುದು ಮೊದಲ ಸಲ ಓದುವವರಿಗೆ ‘ಸ್ವಲ್ಪ ಕೊಲ್ಲುವ’ ಎಂದು ಕೇಳಿಸುತ್ತದೆ. ‘ಕೊಲ್ಲದ ಹಾನಿ’ ತಿಳಿಯಾಗಿದೆ, ಆದರೆ ‘ಕೊಲ್ಲದ ಹಾನಿಯ ಪ್ರಮಾಣ’ ಎಂದು ಕೋಷ್ಟಕದಲ್ಲಿ ಬರೆದಾಗ ತೊಡಕಾಗುತ್ತದೆ. ಕೃಷಿ ಬರಹಗಳಲ್ಲಿ ಬೇರೆ ಪದ ಬಳಸುತ್ತಿರುವವರು ಪೂರ್ತಿ ವಾಕ್ಯದೊಡನೆ ತಿಳಿಸಿ.