ಮಗುವಿನ ರೆಪ್ಪೆ ಮೇಲೆ ಕೆಂಪು ಗಂಟು: ಕಾಯಬೇಕಾ, ತೋರಿಸಬೇಕಾ?

ಪ್ರಶ್ನೆ: ಡಾಕ್ಟರ್, ಮಗಳಿಗೆ 7 ವಾರ. ಹುಟ್ಟಿದಾಗ ಬಲಗಣ್ಣಿನ ಮೇಲ್ರೆಪ್ಪೆಯಲ್ಲಿ ಮಾಸಲು ಗುಲಾಬಿ ಗೆರೆ ಇತ್ತು. ಈಗ ಉಬ್ಬಿ ಕಡುಗೆಂಪಾಗಿದೆ. ಗ್ರಹಣದಲ್ಲಿ ನಾನು ಹೊರಗೆ ಬಂದಿದ್ದಕ್ಕೇ ಹೀಗಾಯ್ತು ಅಂತ ಅತ್ತೆ ಹೇಳುತ್ತಾರೆ. ತಾನಾಗೇ ಹೋಗುತ್ತೆ, ಸುಮ್ನೆ ಇರಿ ಅನ್ನುವವರೂ ಇದ್ದಾರೆ. ಕಾಯಬಹುದಾ?

ಉತ್ತರ, ಚರ್ಮರೋಗ ತಜ್ಞೆ: ಕಾಯಬೇಡಿ, ಈ ವಾರವೇ ತೋರಿಸಿ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮಿಂದ ಏನೂ ತಪ್ಪಾಗಿಲ್ಲ.

ನೀವು ಹೇಳುವುದು ಹೆಮಾಂಜಿಯೋಮಾ ಇದ್ದಂತಿದೆ. ರಕ್ತನಾಳದ ಒಳಪದರದ ಜೀವಕೋಶಗಳು ಹೆಚ್ಚಿ ಆಗುವ ಗಂಟು ಇದು, ಕ್ಯಾನ್ಸರ್ ಅಲ್ಲ. 5ರಿಂದ 7ನೇ ವಾರದಲ್ಲಿ ಬಹಳ ಜೋರಾಗಿ ಬೆಳೆಯುತ್ತದೆ. 5 ತಿಂಗಳ ಹೊತ್ತಿಗೆ ಬೆಳವಣಿಗೆ ಬಹುಪಾಲು ಮುಗಿದಿರುತ್ತದೆ. ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ಕುಗ್ಗುತ್ತದೆ. ಹುಟ್ಟಿನಿಂದಲೇ ಚಪ್ಪಟೆಯಾಗಿದ್ದು, ಮಗುವಿನ ಜೊತೆಗಷ್ಟೇ ದೊಡ್ಡದಾಗುವ ಕೆಂಪು ಮಚ್ಚೆ ಬೇರೆ. ಅದು ತಾನಾಗಿ ಮಾಯುವುದಿಲ್ಲ, ಲೇಸರ್ ಬೇಕಾಗುತ್ತದೆ.

ಬೆನ್ನಿನ ಮೇಲೆ ಸಣ್ಣದೊಂದು ಇದ್ದರೆ ನಾನೂ ಕಾಯೋಣ ಎನ್ನುತ್ತಿದ್ದೆ. ರೆಪ್ಪೆಯಲ್ಲಿ ಹಾಗಲ್ಲ. ಗಂಟು ದೃಷ್ಟಿಗೆ ಅಡ್ಡ ಬಂದರೆ, ಕಣ್ಣುಗುಡ್ಡೆಯನ್ನು ಒತ್ತಿದರೆ, ಮಿದುಳು ಆ ಕಣ್ಣಿನಿಂದ ಸರಿಯಾಗಿ ನೋಡಲು ಕಲಿಯುವುದಿಲ್ಲ. ಮುಂದೆ ಗಂಟು ಕರಗಿದರೂ ದೃಷ್ಟಿ ಮಂದವಾಗಿಯೇ ಉಳಿಯಬಹುದು. ಕಣ್ಣಿನ ಡಾಕ್ಟರಿಗೂ ತೋರಿಸಿ.

ಪ್ರಶ್ನೆ: ಬಯಾಪ್ಸಿ ಮಾಡ್ತಾರಾ? ಔಷಧ ಏನು?

ಉತ್ತರ: ಸಾಮಾನ್ಯವಾಗಿ ಬಯಾಪ್ಸಿ, ಅಂದರೆ ತುಂಡು ತೆಗೆದು ಮಾಡುವ ಪರೀಕ್ಷೆ, ಬೇಡ. ಗಂಟು ನೋಡಿ, ಅದು ಬೆಳೆದ ರೀತಿ ಕೇಳಿದರೆ ಸಾಕು. ಒಂದು ವಾರ ಬಿಟ್ಟು ಒಂದು ವಾರ ತೆಗೆದ ಫೋಟೋಗಳಿದ್ದರೆ ತನ್ನಿ, ತುಂಬಾ ಉಪಯೋಗ. ಮೈಮೇಲೆ 5 ಅಥವಾ ಜಾಸ್ತಿ ಗಂಟುಗಳಿದ್ದರೆ ಲಿವರಿನ ಸ್ಕ್ಯಾನ್ ಮಾಡಿಸುತ್ತೇವೆ. ಗದ್ದ, ದವಡೆ, ಕುತ್ತಿಗೆ ಕಡೆ ಇದ್ದು ಮಗುವಿನ ಉಸಿರು ಸದ್ದು ಮಾಡುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಉಸಿರುನಾಳದಲ್ಲೂ ಗಂಟು ಇರಬಹುದು.

ಔಷಧ ಪ್ರೊಪ್ರಾನೊಲಾಲ್. ಹೃದಯಕ್ಕೆ, ಬಿಪಿಗೆ ಕೊಡುವ ಹಳೆಯ ಔಷಧ. ಫ್ರಾನ್ಸಿನ ಬೋರ್ಡೋದಲ್ಲಿ ಮೂಗಿನ ಮೇಲೆ ಹೆಮಾಂಜಿಯೋಮಾ ಇದ್ದ ಮಗುವಿಗೆ ಸ್ಟೀರಾಯ್ಡ್ ಕೊಟ್ಟಾಗ ಹೃದಯದ ತೊಂದರೆ ಬಂತು. ಅದಕ್ಕಾಗಿ ಇದನ್ನು ಕೊಟ್ಟರೆ ಮರುದಿನವೇ ಗಂಟಿನ ಬಣ್ಣ ಬದಲಾಯಿತು, ಗಂಟು ಮೆತ್ತಗಾಯಿತು. ಅಲ್ಲಿನ ವೈದ್ಯೆ ಲಿಯೋಟೆ-ಲಾಬ್ರೆಜ್ ಅವರ ತಂಡ 2008ರಲ್ಲಿ ಇದನ್ನು ಪ್ರಕಟಿಸಿದ ಮೇಲೆ ಚಿಕಿತ್ಸೆಯ ದಾರಿಯೇ ಬದಲಾಯಿತು.

ಡೋಸ್ ಸಾಮಾನ್ಯವಾಗಿ ದಿನಕ್ಕೆ ಕೆಜಿ ತೂಕಕ್ಕೆ 2ರಿಂದ 3 ಮಿಲಿಗ್ರಾಂ, ಭಾಗ ಮಾಡಿ ಕೊಡಬೇಕು. ಮೊದಲು ಹೃದಯ ಪರೀಕ್ಷೆ ಆಗಬೇಕು. ದಯವಿಟ್ಟು ಮನೆಯಲ್ಲಿರುವ ಬಿಪಿ ಮಾತ್ರೆಯನ್ನು ಅರೆದು ಕೊಡಬೇಡಿ. ಹಾಲು ಕುಡಿಸಿದ ಮೇಲೆಯೇ ಕೊಡಿ, ಇಲ್ಲವಾದರೆ ರಕ್ತದಲ್ಲಿ ಸಕ್ಕರೆ ಅಂಶ ಕುಸಿಯಬಹುದು. ಮಗು ವಾಂತಿ ಮಾಡುತ್ತಿದ್ದರೆ, ಹಾಲು ಬಿಟ್ಟಿದ್ದರೆ, ಉಬ್ಬಸ ಇದ್ದರೆ ಆ ಡೋಸ್ ಕೊಡದೆ ಫೋನ್ ಮಾಡಿ.

ಮತ್ತೊಬ್ಬರ ಪ್ರಶ್ನೆ: ನಾನು 7 ತಿಂಗಳ ಗರ್ಭಿಣಿ. ಬೆರಳ ತುದಿಯಲ್ಲಿ ಕೆಂಪು ಗುಳ್ಳೆ, ಮುಟ್ಟಿದರೆ ಸಾಕು ರಕ್ತ. ಕೂದಲು ಕಟ್ಟಿದರೆ ಉದುರುತ್ತೆ ಅಂತಾರೆ.

ಉತ್ತರ: ಕೂದಲು ಕಟ್ಟುವುದು, ಸುಣ್ಣ ಹಚ್ಚುವುದು ಎರಡೂ ಬೇಡ. ಇದು ಪಯೋಜೆನಿಕ್ ಗ್ರಾನುಲೋಮಾ ಇರಬಹುದು, ಅಂದರೆ ಸಣ್ಣ ರಕ್ತನಾಳಗಳು ಹೆಚ್ಚಿ ಆಗುವ, ಕ್ಯಾನ್ಸರ್ ಅಲ್ಲದ ಗಂಟು, ಗರ್ಭಿಣಿಯರಲ್ಲಿ ಕಾಣುವಂಥದ್ದೇ. ರಕ್ತ ಬಂದರೆ 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಡಾಕ್ಟರು ಬೆರಳು ಮರಗಟ್ಟಿಸಿ ಗುಳ್ಳೆ ಕತ್ತರಿಸಿ, ಬುಡ ಸುಟ್ಟರೆ ಮುಗಿಯಿತು. ಕತ್ತರಿಸಿದ ತುಂಡು ಮಾತ್ರ ಲ್ಯಾಬಿಗೆ ಹೋಗಲೇಬೇಕು. ಒಂದು ಬಗೆಯ ಚರ್ಮದ ಕ್ಯಾನ್ಸರ್ ಕೂಡ ಹೀಗೇ ಕಾಣುತ್ತದೆ.

ಮೊದಲು ಕೇಳಿದವರು: ಔಷಧ ಎಷ್ಟು ದಿನ?

ಉತ್ತರ: ಕನಿಷ್ಠ 6 ತಿಂಗಳು, ಹಲವು ಮಕ್ಕಳಿಗೆ ವರ್ಷ ತುಂಬುವವರೆಗೆ. ಗಂಟು ಚಪ್ಪಟೆಯಾಯ್ತು ಅಂತ ನೀವಾಗಿ ನಿಲ್ಲಿಸಬೇಡಿ, ಮತ್ತೆ ಬೆಳೆಯಬಹುದು.