ಮಲಾವಿಯ ಹಳ್ಳಿ ಆಸ್ಪತ್ರೆಗೆ ಸ್ವಯಂಸೇವಕಿಯಾಗಿ ಹೋಗಬೇಕು ಅಂತಿದ್ದೇನೆ, ಗೊತ್ತಿದ್ದವರು ಹೇಳಿ

ಸಕಲೇಶಪುರದ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ನನ್ನ ಊರು ಸಕಲೇಶಪುರ. ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಹಾಸನದಲ್ಲಿ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಚರ್ಚಿನ ಸಭೆಗೆ ಬಂದಿದ್ದ ಒಬ್ಬರು ಆಫ್ರಿಕಾದ ಮಲಾವಿಯಲ್ಲಿ ಸಭೆಯವರೇ ನಡೆಸುವ ಹಳ್ಳಿ ಆಸ್ಪತ್ರೆಗಳ ಬಗ್ಗೆ ಹೇಳಿದರು, ಅವತ್ತಿನಿಂದ ಮನಸ್ಸು ಅಲ್ಲೇ ಇದೆ. ಕಳಿಸುವವರು ಎರಡು ದಾರಿ ಹೇಳುತ್ತಾರೆ. ಒಂದು ಮೂರು ವಾರದ ತಂಡ, ಅದಕ್ಕೆ ನಾವೇ ಲಕ್ಷಕ್ಕೂ ಜಾಸ್ತಿ ಕಟ್ಟಬೇಕು. ಇನ್ನೊಂದು ಒಂದು ವರ್ಷದ ಕೆಲಸ. ಸಂಬಳ ಇಲ್ಲ, ಊಟ ವಸತಿ ಅಲ್ಲಿಯವರದು, ಟಿಕೆಟ್ ನಮ್ಮದು.

ಅಪ್ಪನಿಗೆ ಭಯ. ಅಮ್ಮ ಪ್ರಾರ್ಥನೆ ಮಾಡಿ ತೀರ್ಮಾನ ಮಾಡು ಅಂತಾರೆ. ಪ್ರಾರ್ಥನೆ ಮಾಡುತ್ತಲೇ ಇದ್ದೇನೆ, ಆದರೆ ಅಲ್ಲಿ ನನ್ನಿಂದ ನಿಜವಾಗಿ ಏನಾದರೂ ಉಪಯೋಗ ಆಗುತ್ತಾ ಅನ್ನೋದೂ ಗೊತ್ತಾಗಬೇಕಲ್ವಾ?

ಮೂಡಿಗೆರೆ ಅಕ್ಕ

ತಂಗಿ, ನಾನು ಅಲ್ಲಿ ಕೆಲಸ ಮಾಡಿ ಬಂದವಳು, ಅದೂ ಹೆರಿಗೆ ವಾರ್ಡಿನಲ್ಲೇ. ನೇರವಾಗಿ ಹೇಳುತ್ತೇನೆ, ಮೂರು ವಾರದ್ದು ಬೇಡ. ಹೋದವರಿಗೆ ಆಸ್ಪತ್ರೆಯ ದಾರಿ ಗೊತ್ತಾಗುವಷ್ಟರಲ್ಲಿ ವಾಪಸ್ ಹೊರಡುವ ದಿನ ಬಂದಿರುತ್ತದೆ, ಅಷ್ಟು ದಿನವೂ ಅಲ್ಲಿಯ ನರ್ಸ್‌ಗಳು ರೋಗಿಗಳನ್ನು ಬಿಟ್ಟು ಇವರನ್ನೇ ನೋಡಿಕೊಳ್ಳಬೇಕು. ಮೊದಲೇ ಅಲ್ಲಿ ಕೈ ಕಮ್ಮಿ.

ಅಲ್ಲಿಯ ಆಸ್ಪತ್ರೆ ಹೇಗಿರುತ್ತದೆ ಅಂದರೆ, ರೋಗಿಯ ಜೊತೆ ಮನೆಯವರೊಬ್ಬರು ಬಂದು ಇರುತ್ತಾರೆ. ಅಡುಗೆ, ಬಟ್ಟೆ ಒಗೆಯೋದು, ಮೈ ಒರೆಸೋದು ಎಲ್ಲಾ ಅವರದೇ. ವಾರ್ಡಿನ ಹಿಂದೆ ಒಂದು ಶೆಡ್, ಅದರೊಳಗೆ ಸಾಲಾಗಿ ಮೂರು ಕಲ್ಲಿನ ಒಲೆ. ಬೆಳಿಗ್ಗೆ ಆರಕ್ಕೇ ಹೊಗೆ ತುಂಬಿರುತ್ತದೆ. ಅಜ್ಜಿಯರು ಸೊಂಟಕ್ಕೆ ಚಿತೆಂಜೆ ಬಟ್ಟೆ ಸುತ್ತಿಕೊಂಡು, ಉದ್ದ ಮರದ ಸೌಟಿನಲ್ಲಿ ಬಿಳಿ ಮುಸುಕಿನ ಜೋಳದ ಹಿಟ್ಟನ್ನು ತಿರುವಿ ನ್ಸಿಮಾ ಮಾಡುತ್ತಾರೆ, ನಮ್ಮ ರಾಗಿ ಮುದ್ದೆ ತೊಳಸಿದ ಹಾಗೇ. ಬಾಣಂತಿಗೆ ಜ್ವರ ಬಂದಿದೆ ಅಂತ ಮೊದಲು ಗೊತ್ತಾಗೋದು ಈ ಅಜ್ಜಿಗೆ, ಮನೆಗೆ ಹೋದ ಮೇಲೆ ಮಾತ್ರೆ ಕೊಡೋದೂ ಇವಳೇ. ಹಾಗಾಗಿ ಅವಳ ಹತ್ತಿರ ಕೂತು ಅಲ್ಲಿಯ ಭಾಷೆ ಚಿಚೆವಾದಲ್ಲಿ ನಾಲ್ಕು ಮಾತಾಡೋಕೆ ಬರಲೇಬೇಕು. ಇಂಗ್ಲಿಷ್ ಆಫೀಸಿನಲ್ಲಿ ನಡೆಯುತ್ತದೆ, ಆ ಶೆಡ್ಡಿನಲ್ಲಿ ನಡೆಯಲ್ಲ. ಭಾಷೆ ಕಿವಿಗೆ ಹತ್ತೋಕೇ ತಿಂಗಳುಗಳು ಬೇಕು, ಅದಕ್ಕೇ ವರ್ಷದ ಕೆಲಸ ಒಪ್ಪಿಕೋ ಅನ್ನೋದು.

ಮಳೆಗಾಲ ನವೆಂಬರಿನಿಂದ ಏಪ್ರಿಲ್ ತನಕ. ಜನವರಿಯಿಂದ ಮಾರ್ಚ್ ತುಂಬಾ ಕಷ್ಟ. ಹಳೇ ಜೋಳ ಖಾಲಿಯಾಗಿರುತ್ತದೆ, ಹೊಸದು ಬಂದಿರಲ್ಲ, ಮಲೇರಿಯಾನೂ ಆಗಲೇ ಏರುತ್ತದೆ. ಸೊರಗಿದ ಮಕ್ಕಳನ್ನು ನೋಡಿ ಸುಮ್ನೆ ಅಳು ಬರುತ್ತದೆ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗು.

ಕಾಫಿನಾಡು

ಬೇಜಾರು ಮಾಡ್ಕೋಬೇಡಿ ಸಿಸ್ಟರ್, ಅಷ್ಟು ದೂರ ಯಾಕೆ? ಚಿಕ್ಕಮಗಳೂರಿನ ಎಸ್ಟೇಟ್ ಲೈನ್ ಮನೆಗಳಿಗೆ ಬನ್ನಿ. ಅಸ್ಸಾಂ, ಜಾರ್ಖಂಡಿನಿಂದ ಬಂದ ಹೆಂಗಸರು ತುಂಬಿದ ಬಸುರಿಯಾಗಿದ್ದರೂ ತೋಟಕ್ಕೆ ಹೋಗುತ್ತಾರೆ, ತಾಯಿ ಕಾರ್ಡ್ ಅಂದರೇನು ಅಂತಲೂ ಗೊತ್ತಿರಲ್ಲ. ಇದೂ ಕರ್ತನ ಸೇವೆಯೇ ಅಲ್ವಾ? ಟಿಕೆಟ್ ದುಡ್ಡೂ ಉಳಿಯುತ್ತದೆ.

ಮೂಡಿಗೆರೆ ಅಕ್ಕ

ನೀವು ಹೇಳೋದು ನಿಜ, ಆ ಲೈನ್‌ಗಳಿಗೆ ನಾನೂ ಹೋಗುತ್ತೇನೆ. ಆದರೆ ಇದು ಇಲ್ಲಿ ಇಲ್ಲವೇ ಅಲ್ಲಿ ಅನ್ನೋ ಲೆಕ್ಕ ಅಲ್ಲ. ವಾರ್ಡಿನಲ್ಲಿ ನಾಲ್ಕು ಕೈ ಬೇಕು ಅಂತ ಅಲ್ಲಿಯವರೇ ಕೇಳಿದ್ದರೆ ಹೋಗಲಿ. ಯಾರೂ ಕೇಳದೆ ತಂಡ ಕಟ್ಟಿಕೊಂಡು ಹೋಗೋದಾದರೆ ನಿಮ್ಮ ಮಾತೇ ಸರಿ, ಇಲ್ಲೇ ಇರಲಿ.

ಹಾಸನದ ಹಿರಿಯ

ಮಗಳೇ, ವಿಶ್ವಾಸದ ಕಡೆಯಿಂದ ಎರಡು ಮಾತು. ಮಲಾವಿಯಲ್ಲಿ ಬಹುಪಾಲು ಜನ ಆಗಲೇ ಕ್ರೈಸ್ತರು. ಸ್ಕಾಟ್ಲೆಂಡಿನ ಮಿಷನರಿಗಳು 1875ರಲ್ಲೇ ಅಲ್ಲಿಗೆ ಹೋಗಿದ್ದರು. ಈಗ ಅಲ್ಲಿಯವರೇ ಬಿಷಪ್ಪರು, ಪಾದ್ರಿಗಳು, ಆಸ್ಪತ್ರೆ ನಡೆಸುವವರು. ಸುವಾರ್ತೆ ಹೊತ್ತುಕೊಂಡು ಹೋಗುತ್ತಿದ್ದೇನೆ ಅಂದುಕೊಳ್ಳಬೇಡ, ಅವರ ಆರಾಧನೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಕೇಳು. ಸರೋವರದ ಕಡೆ ಮುಸ್ಲಿಮರೂ ಇದ್ದಾರೆ. ಪ್ರಾರ್ಥನೆಗೆ ಬಂದರೆ ಮಾತ್ರ ಔಷಧಿ ಅನ್ನೋ ಥರದ್ದು ಎಲ್ಲಾದರೂ ಕಂಡರೆ ಅಲ್ಲಿ ನಿಲ್ಲಬೇಡ, ಅದು ಸೇವೆಯಲ್ಲ.

ನಮ್ಮ ಹಾಸನದಲ್ಲೇ ನೋಡು. ರೆಡ್‌ಫರ್ನ್ ಆಸ್ಪತ್ರೆ ಮಿಷನ್ ಕಾಲದ್ದು, ನಮ್ಮ ಕಡೆ ಎಷ್ಟೋ ಮನೆಗಳ ಹೆರಿಗೆ ಅಲ್ಲೇ ಆಗಿದ್ದು. ಅದಕ್ಕೂ ಮುಂಚೆ ಫ್ರಾನ್ಸಿನಿಂದ ಬಂದ ಪಾದ್ರಿ ಅಬ್ಬೆ ದುಬಾಯ್. ಜನರ ಬಾಯಲ್ಲಿ ದೊಡ್ಡ ಸ್ವಾಮಿ. ನಮ್ಮವರ ಹಾಗೇ ಉಟ್ಟು, ನಮ್ಮ ಊಟ ಮಾಡಿ, ಮೈಸೂರು ಸೀಮೆಯಲ್ಲಿ ಸಾವಿರಾರು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರು, ಹಾಸನದ ಹತ್ತಿರ ಬೇಸಾಯಗಾರರಿಗೆ ನೆಲೆ ಮಾಡಿಕೊಟ್ಟರು. ಅವರು ವಾಪಸ್ ಹೊರಟಿದ್ದು 1823ರಲ್ಲಿ, ಅಂದರೆ ಸುಮಾರು ಮೂವತ್ತು ವರ್ಷ ಈ ದೇಶದಲ್ಲಿದ್ದು. ಅಷ್ಟು ವರ್ಷ ಉಳಿದಿದ್ದಕ್ಕೇ ಅಷ್ಟು ಕೆಲಸ ಆಯಿತು.

ಬೇಲೂರು ರಸ್ತೆ

ಕಾಗದಪತ್ರದ ವಿಷಯ ಯಾರೂ ಹೇಳಲಿಲ್ಲ. ಟೂರಿಸ್ಟ್ ವೀಸಾದಲ್ಲಿ ಹೋಗಿ ವಾರ್ಡಿನಲ್ಲಿ ಕೆಲಸ ಮಾಡಿ ಅಂತ ಯಾರಾದರೂ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಅಲ್ಲಿ ನರ್ಸ್ ಆಗಿ ಕೆಲಸ ಮಾಡೋಕೆ ಮಲಾವಿಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಬೇಕು. ಅದಕ್ಕೆ ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನ ಗುಡ್ ಸ್ಟ್ಯಾಂಡಿಂಗ್ ಪತ್ರ, ಪಾಸ್‌ಪೋರ್ಟ್ ಆಫೀಸಿನ ಪೊಲೀಸ್ ಕ್ಲಿಯರೆನ್ಸ್ ಈಗಲೇ ಮಾಡಿಸಿಡಿ. ವಿಮಾನ ಇಥಿಯೋಪಿಯಾ ಅಥವಾ ಕೀನ್ಯಾ ಮೇಲೆ ಹೋದರೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡೇ ಹೊರಡಿ, ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲೂ ಆ ಕಾರ್ಡ್ ಕೇಳಬಹುದು. ಹಾಕಿಸಿ 10 ದಿನ ಆದ ಮೇಲೆಯೇ ಅದು ಲೆಕ್ಕಕ್ಕೆ, ಒಮ್ಮೆ ಹಾಕಿಸಿದರೆ ಜೀವನ ಪೂರ್ತಿ ಸಾಕು. ಮಲೇರಿಯಾ ಮಾತ್ರೆ ಯಾವುದು ಅಂತ ಡಾಕ್ಟರನ್ನು ಕೇಳಿ, ಬಂದ ಮೇಲೂ ಅವರು ಹೇಳಿದಷ್ಟು ದಿನ ನಿಲ್ಲಿಸಬೇಡಿ.

ಸಕಲೇಶಪುರದ ಸಿಸ್ಟರ್

ಅಕ್ಕಾ, ಅಂಕಲ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರದ್ದು ಕೈಬಿಟ್ಟೆ. ಆ ಆಸ್ಪತ್ರೆಯ ಮೇಟ್ರನ್‌ಗೇ ನೇರವಾಗಿ ಮೇಲ್ ಮಾಡಿ, ಹೆರಿಗೆ ವಾರ್ಡಿಗೆ ನರ್ಸ್ ಬೇಕಾ, ನನ್ನ ಮೇಲೆ ಯಾರಿರುತ್ತಾರೆ, ನೋಂದಣಿ ಯಾರು ಮಾಡಿಸುತ್ತಾರೆ ಅಂತ ಕೇಳುತ್ತೇನೆ. ಅಕ್ಕಾ, ಒಂದು ಸಾರಿ ಅಪ್ಪನ ಹತ್ತಿರ ಫೋನಿನಲ್ಲಿ ಮಾತಾಡ್ತೀರಾ?

ಮೂಡಿಗೆರೆ ಅಕ್ಕ

ಖಂಡಿತ. ಫೋನ್ ಯಾಕೆ, ಭಾನುವಾರ ಆರಾಧನೆ ಮುಗಿಸಿ ಅಪ್ಪ ಅಮ್ಮನ್ನ ಕರಕೊಂಡು ಮನೆಗೇ ಬಾ, ಊಟಕ್ಕೆ.